ಎಂಟು ಸುತ್ತು ಹೆಚ್ಚಿಗೆ

ಫಿಜಾ ಬೈಲಹೊಂಗಲಕ್ಕೆ ಬಂದ ಮೊದಲ ದಿನವೇ ಅವಳ ಎಂಟು ವಾರದ ತರಬೇತಿ ಮುಗಿದುಹೋಗುವುದರಲ್ಲಿತ್ತು.

ಅವಳು ರಾಮದುರ್ಗ ತಾಲೂಕಿನ ಸುರೇಬಾನದವಳು. ಎಲೆಕ್ಟ್ರಿಕಲ್ ಡಿಪ್ಲೊಮಾ, ಎರಡನೆಯ ವರ್ಷ. ಬೇಸಿಗೆ ರಜೆಯಲ್ಲಿ ಎಲ್ಲಾದರೂ ಕೆಲಸ ಮಾಡಿ, ದಿನಚರಿ ಬರೆದು, ಮಾಲಕರ ಸಹಿ ತರಬೇಕೆಂದು ಕಾಲೇಜು ಹೇಳಿತ್ತು. ಮಾರ್ಕೆಟ್ ಯಾರ್ಡಿನ ಹಿಂದೆ ರಾಮಲಿಂಗಪ್ಪನ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟಾರುಗಳ ಹಳೆಯ ತಂತಿ ಕಿತ್ತು ಹೊಸದು ಸುತ್ತಿಕೊಡುವುದು ಅವನ ಕಸುಬು. ಅವನು ದಿನಚರಿ ತೆರೆದವನೇ ಜೇಬಿನಿಂದ ಪೆನ್ನು ತೆಗೆದ.

“ಎಲ್ಲಾ ಹಾಳಿಗೂ ಈಗ ಸಹಿ ಮಾಡಿ ಕೊಡತೇನಿ. ಊರಿಗೆ ಹೋಗಿ ಆರಾಮ ಇರು. ಹ್ವಾದ ವರ್ಷದ ಹುಡುಗರೂ ಹಿಂಗ ಮಾಡ್ಯಾರ.”

“ಬ್ಯಾಡ್ರಿ ಕಾಕಾ. ಕೆಲಸಾ ಮಾಡಿದ ದಿನಾ ಅಷ್ಟ ಸಹಿ ಮಾಡ್ರಿ.”

“ಹೆಣ್ಮಗಳು ಮೋಟಾರ ಬಿಚ್ಚಕೋತ ಕುಂತ್ರ ಗಿರಾಕಿ ಏನಂದಾರು?”

“ಅಂದವರಿಗೆ ನಾನ ಉತ್ತರಾ ಕೊಡತೇನ್ರಿ.”

ಪೆನ್ನು ಜೇಬಿಗೆ ಮರಳಿತು. ಫಿಜಾ ಅಂಗಡಿಯಲ್ಲೇ ಉಳಿದಳು.

ಅವಳು ಇಳಿದುಕೊಂಡಿದ್ದು ತಾಯಿಯ ತಂಗಿ ಬೇಗಂಬಿ ಖಾಲಾನ ಮನೆಯಲ್ಲಿ. ಸುರೇಬಾನದಲ್ಲಿ ಅವಳಿಗೆ ಎದುರಾಗುವವರೆಲ್ಲ ಗುರುತಿನವರು. ಇಲ್ಲಿ ಮೂರು ದಿನ ಒಂದೇ ಓಣಿಯಲ್ಲಿ ದಾರಿ ತಪ್ಪಿದಳು. ಯಾರನ್ನಾದರೂ ಕೇಳಲು ನಾಚಿಕೆ. ನಾಲ್ಕನೆಯ ದಿನ ಗಿರಣಿಯ ಮೂಲೆ, ಪೆಟ್ರೋಲ್ ಪಂಪು, ಯಾರ್ಡಿನ ಗೇಟು ಎಂದು ಚೀಟಿಯಲ್ಲಿ ಬರೆದುಕೊಂಡು ನಡೆದಳು.

“ಸಹಿ ಮಾಡತೇನಂದ್ರ ಬ್ಯಾಡಂದಿಯಂತ! ತಲಿಗಿಲಿ ಕೆಟ್ಟೈತೇನ ನಿಂದು?” ಎಂದಳು ಖಾಲಾ.

“ಕೆಟ್ಟೈತಿ ಖಾಲಾ. ರೊಟ್ಟಿ ನೀಡು.”

ಮೂರು ವಾರ ರಾಮಲಿಂಗಪ್ಪ ಅವಳಿಗೆ ತಂತಿ ಸುತ್ತಿದ ಕಾಯಿಲ್ ಮುಟ್ಟಗೊಡಲಿಲ್ಲ. ಅವಳು ಮಾಡಿದ್ದನ್ನು ಮಾಡಿದಂತೆಯೇ ಬರೆದಳು. ಸೋಮವಾರ, ಕಸ ಗುಡಿಸಿದೆ. ಮಂಗಳವಾರ, ಚಹಾ ತಂದೆ. ಬುಧವಾರ, ಕಾಯಿಲಿನ ಕೆಳಗೆ ಹಾಕುವ ಕಾಗದ ಕತ್ತರಿಸಿದೆ. ಓದಿದ ರಾಮಲಿಂಗಪ್ಪನ ಮುಖ ಕೆಂಪಾಯಿತು.

“ಇದನ್ನ ನಿಮ್ಮ ಮಾಸ್ತರು ನೋಡ್ತಾರಲ್ಲ ಬೇ!”

“ಹೂಂ, ನೋಡ್ತಾರ್ರಿ. ವೈಂಡಿಂಗ್ ಮಾಡಿಸಿದ್ರ ಅದನ್ನೂ ಬರೀತೇನ್ರಿ.”

ಆ ಹೊತ್ತಿಗೆ ಟೆಂಪೋದಿಂದ ಒಂದು ಮೋಟಾರು ಇಳಿಯಿತು. ಹಿಂದೆಯೇ ಸಂಪಗಾಂವದ ರೈತ ಮುತ್ತಪ್ಪ ಕೂಗುತ್ತ ಬಂದ. ಇಪ್ಪತ್ತು ದಿನದಲ್ಲಿ ಎರಡು ಸಲ ರಿವೈಂಡಿಂಗ್ ಮಾಡಿಸಿದ್ದ ಆ ಮೋಟಾರು ಮೂರನೆಯ ಸಲ ಸುಟ್ಟಿತ್ತು.

“ಏನ ರಾಮಲಿಂಗಪ್ಪ, ತಂತಿ ಸುತ್ತತೀಯೋ ಊದಿನಕಡ್ಡಿ ಸುತ್ತತೀಯೋ?”

“ನೀರಿಲ್ದ ಓಡಿಸಿರತಿ, ನನಗ ಅಂತಿ! ಹಳೇ ಕಾಯಿಲ ಎಣಿಸೀನಿ, ನಲವತ್ತೆರಡು ಸುತ್ತು. ಅಷ್ಟ ಸುತ್ತೀನಿ. ಮೂವತ್ತು ವರ್ಷದಿಂದ ಇದ ಪದ್ಧತಿ.”

ಫಿಜಾ ಕತ್ತರಿ ಕೆಳಗಿಟ್ಟಳು. “ಕಾಕಾ, ಈ ಮೋಟಾರ ಎಲ್ಲಿಂದ ತಂದದ್ದರಿ?”

“ಹಳೇದವ್ವಾ,” ಎಂದ ಮುತ್ತಪ್ಪ. “ಸುರೇಬಾನದಾಗ ನಮ್ಮ ಬೀಗರ ಹೊಲದಾಗಿತ್ತು. ಅಲ್ಲಿ ಆರು ವರ್ಷ ಓಡೈತಿ.”

ಫಿಜಾ ಎದ್ದು ಮೋಟಾರಿನ ಹತ್ತಿರ ಬಂದಳು. ಅವಳ ಊರು ವಿದ್ಯುತ್ ಲೈನಿನ ತುದಿಯಲ್ಲಿತ್ತು. ಎಲ್ಲರ ಪಂಪೂ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ, ಮೋಟಾರು ಏಳುವುದಿಲ್ಲ. ಅದಕ್ಕೆ ಅಲ್ಲಿಯ ಮೆಕ್ಯಾನಿಕರು ಸುತ್ತು ಕಡಿಮೆ ಮಾಡಿ ಕಟ್ಟುತ್ತಾರೆ. ಅಂಥ ಮೋಟಾರಿಗೆ ಪೂರ್ತಿ ವೋಲ್ಟೇಜ್ ಕೊಟ್ಟರೆ ಸುಡುತ್ತದೆ.

“ನಿಮ್ಮ ಹೊಲದ ಹತ್ರ ಸಬ್‌ಸ್ಟೇಷನ್ ಐತೇನ್ರಿ?”

“ಬದುವಿಗೇ ಹತ್ತೇತಿ.”

ಅವಳು ಮೋಟಾರಿನ ಒಳಗನ್ನು ಎರಡು ಸಲ ಅಳೆದಳು. ದಿನಚರಿಯ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿ, ಅದನ್ನೂ ಎರಡು ಸಲ ನೋಡಿದಳು. “ಹಂಗಾರ ಅಲ್ಲಿ ವೋಲ್ಟೇಜ್ ಪೂರ್ತಿ ಬರತೈತಿ. ಐವತ್ತು ಸುತ್ತು ಬೇಕ್ರಿ. ತಂತಿ ಒಂದು ನಂಬರ ಸಣ್ಣದು.”

“ನಾ ಎಣಿಸಿದ್ದು ತಪ್ಪಂತೀಯೇನ?”

“ನೀವು ಎಣಿಸಿದ್ದು ಬರೋಬರಿ ಐತ್ರಿ. ಸುರೇಬಾನದವರು ಸುತ್ತಿದ್ದು ಇವರ ಹೊಲಕ್ಕ ಬರೋಬರಿ ಇಲ್ಲ.”

ರಾಮಲಿಂಗಪ್ಪ ತಂತಿಯ ಉರುಳೆಯನ್ನು ಅವಳ ಮುಂದೆ ಕುಕ್ಕಿದ. “ಸುತ್ತು ಹಂಗಾರ. ಸುಟ್ಟ್ರ ಅವತ್ತ ಊರಿಗೆ ಹೋಗಬೇಕು. ಸಹಿ ಇಲ್ಲ, ಏನಿಲ್ಲ.”

“ಆಗಲ್ರಿ.”

ಅವಳು ಎರಡು ದಿನ ಸುತ್ತಿದಳು. ಒಂದು ಕಾಯಿಲಿನಲ್ಲಿ ಎಣಿಕೆ ತಪ್ಪಿದಂತೆನಿಸಿ ಪೂರ್ತಿ ಬಿಚ್ಚಿ ಮತ್ತೆ ಸುತ್ತಿದಳು. ಬೆರಳ ತುದಿ ಸೀಳಿತು, ಬಟ್ಟೆ ಕಟ್ಟಿಕೊಂಡಳು. ಬಂದ ಗಿರಾಕಿಗಳು ನಿಂತು ನೋಡಿದರು. ಒಬ್ಬ, “ರಾಮಲಿಂಗಪ್ಪ, ಕಸೂತಿ ಕ್ಲಾಸ ಯಾವಾಗ ಚಾಲೂ ಮಾಡಿದಿಪಾ?” ಎಂದ. ಫಿಜಾ ತಲೆಯೆತ್ತದೆ ಹೇಳಿದಳು, “ನಿಮ್ಮ ಹೆಸರೂ ಬರಸ್ರಿ, ಒಂದು ಸೀಟ ಖಾಲಿ ಐತಿ.”

ಕಾಯಿಲಿಗೆ ಹಚ್ಚಿದ ವಾರ್ನಿಷ್ ಒಣಗಿದ ಮೇಲೆ ಮೂವರೂ ಸಂಪಗಾಂವದ ಹೊಲಕ್ಕೆ ಹೋದರು. ಫಿಜಾ ಮೊದಲು ವೋಲ್ಟೇಜ್ ನೋಡಿದಳು. ಪೂರ್ತಿ ಇತ್ತು. ಸ್ಟಾರ್ಟರ್ ಒತ್ತಿದಳು. ನೀರು ಚಿಮ್ಮಿ ಕಬ್ಬಿನ ಸಾಲಿಗೆ ಬಿತ್ತು. ಹಿಂದಿನ ಸಲ ಅರ್ಧ ತಾಸಿಗೇ ಹೊಗೆ ಬಂದಿತ್ತೆಂದು ಮುತ್ತಪ್ಪ ಮತ್ತೆ ಮತ್ತೆ ಹೇಳಿದ. ಒಂದು ತಾಸಾಯಿತು, ಎರಡಾಯಿತು. ಅವಳು ಮೋಟಾರಿನ ಮೈಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

“ಸುಡವಲ್ದೇನ?” ಎಂದ ಮುತ್ತಪ್ಪ.

“ಇಲ್ರಿ. ಉಗುರು ಬೆಚ್ಚಗ ಐತಿ.”

ರಾಮಲಿಂಗಪ್ಪ ತಾನೂ ಮುಟ್ಟಿ ನೋಡಿದ. ಆಮೇಲೆ ಮುತ್ತಪ್ಪನ ಹೆಗಲ ಮೇಲೆ ಕೈಹಾಕಿದ. “ನೋಡಪಾ, ನಾ ಹೇಳಿದ್ನಿಲ್ಲ? ವೋಲ್ಟೇಜ ನೋಡಿ ಸುತ್ತಬೇಕಂತ.”

“ನೀವು ಹೇಳಿಲ್ರಿ ಕಾಕಾ,” ಎಂದಳು ಫಿಜಾ. “ನಾ ಹೇಳೇನಿ.”

ಮುತ್ತಪ್ಪ ಹೊಟ್ಟೆ ಹಿಡಿದು ನಕ್ಕ. ರಾಮಲಿಂಗಪ್ಪ ಅವನ ಹೆಗಲ ಮೇಲಿಂದ ಕೈ ತೆಗೆದ.

“ಹೂಂ. ಆಕಿನ ಹೇಳ್ಯಾಳ,” ಎಂದು ಫಿಜಾಳ ಕಡೆ ತಿರುಗಿದ. “ನಾಳೆ ಎರಡು ಮೋಟಾರ ಬರತಾವು. ಒಂದು ನೀ ಕಟ್ಟು.”

“ಎರಡೂ ಕೊಡ್ರಿ,” ಎಂದಳು ಫಿಜಾ.