ತಡೆ ಇಲ್ಲದ ಪೆಟ್ಟಿಗೆ

ಅವನ ಕಾರಿನ ಎಂಜಿನ್ ಸುಟ್ಟದ್ದು ನನ್ನಿಂದ. ತಿಳಿದೇ ಮಾಡಿದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವನು ಊರಾಚೆ ಆಲೆಮನೆ ನಡೆಸುತ್ತಿದ್ದ. ನಮ್ಮೂರು ಅರಕೆರೆಯಲ್ಲಿ, ನಮ್ಮ ಗದ್ದೆಯ ಮೇಲ್ಗಡೆ, ನಾಲೆಯ ತೂಬಿಗೆ ಒತ್ತಿಕೊಂಡಿದ್ದ ಜಮೀನು ಗುತ್ತಿಗೆ ಹಿಡಿದು ಕಬ್ಬು ಹಾಕಿದ್ದ. ನೀರಿನ ಸರದಿ ನಮ್ಮದಿದ್ದ ದಿನವೂ ನೀರು ಅವನ ಕಡೆಗೇ ಹರಿಯುತ್ತಿತ್ತು. ನಮ್ಮ ಭತ್ತದ ಸಸಿಮಡಿ ಬಿರುಕುಬಿಟ್ಟಿತು.

ಅವ್ವ ಒಂದು ದಿನ ನಾಲೆಯ ಏರಿಯ ಮೇಲೆ ಅವನ ಕಾರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಅವನು ಒಳಗೆ ಕೂತೇ ಕೇಳಿಸಿಕೊಂಡ. ಅವಳು ಇನ್ನೂ ಮಾತಾಡುತ್ತಿರುವಾಗಲೇ ಗುಂಡಿ ಒತ್ತಿದ. ಗಾಜು ತಾನಾಗಿ ಮೇಲೇರಿತು. ಅವ್ವ ಉಳಿದ ಮಾತನ್ನು ಗಾಜಿಗೆ ಹೇಳಿದಳು. ಕಾರು ಹೋಯಿತು.

ಅವಳ ಬೆರಳು ಗಾಜಿನ ಸಂದಿಗೆ ಸಿಕ್ಕಿಕೊಂಡಿತೆಂದು ಹಲವರಿಗೆ ಹೇಳಿದ್ದೇನೆ. ಸಿಕ್ಕಿರಲಿಲ್ಲ. ಗಾಜು ಏರುವಾಗ ಅವ್ವನ ಕೈ ಸೆರಗಿನೊಳಗಿತ್ತು. ಸ್ವಲ್ಪ ರಕ್ತ ಇರಲೆಂದು ನಾನೇ ಸೇರಿಸಿದೆ, ಹೇಳಿ ಹೇಳಿ ಈಗ ಆ ಬೆರಳು ಕಣ್ಣಿಗೆ ಕಾಣುತ್ತದೆ. ನಾನು ಹತ್ತು ಮಾರು ದೂರದಲ್ಲಿ ಸೈಕಲ್ ಹಿಡಿದು ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಅದನ್ನು ಯಾರಿಗೂ ಹೇಳಿಲ್ಲ.

ಅವನದು ಹಡಗಿನಲ್ಲಿ ಬಂದ ಜಪಾನಿನ ಪೆಟ್ರೋಲ್ ಕಾರು. ಅದಕ್ಕೆ ಟರ್ಬೊ ಇತ್ತು. ಎಂದರೆ, ಎಂಜಿನ್ ಬಿಟ್ಟ ಹೊಗೆಯೇ ಒಂದು ಚಕ್ರ ತಿರುಗಿಸಿ, ಎಂಜಿನ್ನಿನೊಳಕ್ಕೆ ಇನ್ನಷ್ಟು ಗಾಳಿ ತುರುಕುತ್ತಿತ್ತು. ಆ ಗಾಳಿಯ ಒತ್ತಡವನ್ನು ಕೂತಲ್ಲಿಂದಲೇ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿವೆಯೆಂದು ಅವನಿಗೆ ಯಾರೋ ಹೇಳಿದ್ದರು. ಬೆಂಗಳೂರಿನ ಬಿಡಿಭಾಗದ ಅಂಗಡಿಯವರು ಎರಡು ಪೆಟ್ಟಿಗೆಗಳ ವಿವರ ಜೆರಾಕ್ಸ್ ಮಾಡಿ ಕಳಿಸಿದ್ದರು. ಅರ್ಧ ಜಪಾನಿ, ಅರ್ಧ ಇಂಗ್ಲಿಷು. ಹಾಳೆಗಳನ್ನು ಹಿಡಿದು ಅವನು ಸ್ಕೂಲಿಗೇ ಬಂದ. ನಾನು ಯಾರ ಮಗನೆಂದು ಅವನಿಗೆ ಗೊತ್ತಿರಲಿಲ್ಲ.

"ಮೇಷ್ಟ್ರೇ, ಇಂಗ್ಲೀಸು ನಮ್ಗೆ ಅಷ್ಟಕ್ಕಷ್ಟೆ. ಎರಡ್ರಲ್ಲಿ ಗಂಡು ಯಾವ್ದು ಏಳಿ. ನಾಗಮಂಗಲದ ಬೀಗ್ರ ಮುಂದೆ ಒಂದ್ ಕೈ ತೋರುಸ್ಬೇಕು."

ಎರಡು ದಿನ ಹಾಳೆಗಳನ್ನು ಇಟ್ಟುಕೊಂಡೆ. ಮೊದಲನೆಯ ಪೆಟ್ಟಿಗೆಯಲ್ಲಿ ಒಂದು ತಡೆ ಇತ್ತು. ಒತ್ತಡ ಗೊತ್ತುಮಾಡಿದ ಅಂಕಿ ದಾಟಿದರೆ ಪೆಟ್ಟಿಗೆ ತಾನೇ ಇಳಿಸಿಬಿಡುತ್ತಿತ್ತು. ಎರಡನೆಯದರಲ್ಲಿ ಅದಿರಲಿಲ್ಲ. ತಿರುಗಿಸಲು ಒಂದು ಗುಂಡಿ, ನೋಡಲು ದೊಡ್ಡ ಕೆಂಪು ಅಂಕಿ, ಅಷ್ಟೆ.

"ಎರಡ್ನೇದು ತಗೊಳ್ಳಿ ಯಜಮಾನ್ರೇ. ಮೊದಲ್ನೇದು ನಿಮ್ ಕೈ ಹಿಡ್ಕೊಳ್ತದೆ," ಎಂದೆ.

"ಕೈ ಹಿಡಿಯಾಕೆ ಅದೇನ್ ನನ್ನೆಂಡ್ರಾ! ಎರಡ್ನೇದೇ ಬರ್ಲಿ ಬುಡಿ."

ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಒಬ್ಬ ಸಾಬರು ಅದನ್ನು ಕೂರಿಸಿದರು. ಅವನು ನನ್ನನ್ನೂ ಕರೆದುಕೊಂಡು ಹೋಗಿದ್ದ. ಸಾಬರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನನ್ನು ಕೇಳಿದರು: "ಜಾಸ್ತಿ ಆದ್ರೆ ಕಟ್ ಆಗೋದು ಇದ್ರಲ್ಲಿ ಇಲ್ವಲ್ಲ ಸಾರ್? ನಮ್ ಪೆಟ್ರೋಲ್ ವೀಕು. ಒಳಗೆ ಕಟಕಟ ಅಂತ ಶುರು ಆದ್ರೆ ಪಿಸ್ಟನ್ ಕರಗೋಯ್ತದೆ. ಖಲಾಸ್."

"ಏ ಭಾಯಿ, ಮೇಷ್ಟ್ರು ಓದವ್ರೆ ಕಣಯ್ಯ. ನೀನು ಸ್ಪ್ಯಾನರ್ ಇಡ್ಕೋ," ಎಂದ ಅವನು.

ಸಾಬರು ಇನ್ನೂ ನನ್ನನ್ನೇ ನೋಡುತ್ತಿದ್ದರು. ನಾನು ಕನ್ನಡಕ ತೆಗೆದು ಒರೆಸಿದೆ. ಇಲ್ಲ, ನನಗೆ ಕನ್ನಡಕ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ. ಹಾಗಾದರೆ ಕೈಯಲ್ಲಿ ಏನು ಮಾಡುತ್ತಿದ್ದೆನೋ ಕಾಣೆ. ಬಾಯಿ ಬಿಡಲಿಲ್ಲ ಎಂಬುದಷ್ಟೇ ಗಟ್ಟಿ.

ಭಾನುವಾರ ಕೆ.ಆರ್. ಪೇಟೆ ರಸ್ತೆಗೆ ಹೊರಟೆವು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಚಿನಕುರಳಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಗುಂಡಿ ತಿರುಗಿಸಿದ. ಕೆಂಪು ಅಂಕಿ ಏರಿತು, ಬೆನ್ನು ಸೀಟಿಗೆ ಅಂಟಿಕೊಂಡಿತು.

"ಎಂಗೋಯ್ತಾದೆ ನೋಡಿ ಮೇಷ್ಟ್ರೇ! ಇನ್ನೊಂದ್ ಚೂರು ಕೊಡ್ಲಾ?"

"ಕೊಡಿ," ಎಂದೆ.

ಆಗ ಕೇಳಿಸಿತು, ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದಂತೆ. ಅವನು ಕ್ಯಾಸೆಟ್ಟನ್ನು ಜೋರಾಗಿ ಹಾಕಿದ್ದ, ಅವನಿಗೆ ಕೇಳಿಸಲಿಲ್ಲ. ನಾನು ಲೈಟುಕಂಬಗಳನ್ನು ಎಣಿಸುತ್ತ ಕೂತೆ. ನನಗೆ ಸುಖವಾಗುತ್ತಿತ್ತು. ಇದನ್ನು ಬರೆಯುವಾಗಲೂ ಆಗುತ್ತಿದೆ. ಏಳನೆಯ ಕಂಬದ ಹೊತ್ತಿಗೆ ಹಿಂದೆಲ್ಲ ಬಿಳಿ ಹೊಗೆ ತುಂಬಿತು, ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆವು. ದಾರಿಯ ಉದ್ದಕ್ಕೂ ಜನ ನಿಂತು ನೋಡಿದರು. ಇಳಿಸಿದ್ದ ಗಾಜನ್ನು ಏರಿಸಲು ಅವನು ಗುಂಡಿ ಒತ್ತುತ್ತಲೇ ಇದ್ದ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿದಿತ್ತು, ಅದು ಏರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಊರೆಲ್ಲ ಪೆಟ್ರೋಲ್ ಬಂಕಿನವರನ್ನು ಬೈದುಕೊಂಡು ತಿರುಗಿದ. ಸೀಮೆಎಣ್ಣೆ ಬೆರೆಸಿದ್ದಾರಂತೆ. ತನಗೋಸ್ಕರ ಭಾನುವಾರ ಕಳೆದ ಮೇಷ್ಟ್ರಿಗೆಂದು ಒಂದು ಬುಟ್ಟಿ ಅಚ್ಚುಬೆಲ್ಲ ಕಳಿಸಿದ. ಏಟು ಬಿದ್ದದ್ದು ಎಲ್ಲಿಂದ ಎಂದು ಅವನಿಗೆ ಗೊತ್ತೇ ಆಗದಿದ್ದರೆ ನಾನು ಹೊಡೆದದ್ದಾದರೂ ಏನು? ಬೆಲ್ಲವನ್ನು ದನಕ್ಕೆ ಹಾಕಿ ಆಲೆಮನೆಗೆ ಹೋದೆ.

"ಪೆಟ್ರೋಲಲ್ಲ ಯಜಮಾನ್ರೇ. ನಾನು. ತಡೆ ಇಲ್ದಿರೋ ಪೆಟ್ಟಿಗೇನ ಬೇಕೂಂತ್ಲೇ ಆರಿಸ್ದೆ."

ಕೊಪ್ಪರಿಗೆಯ ಹತ್ತಿರ ನಿಂತಿದ್ದವನು ತಿರುಗಿದ. "ಯಾಕೆ?"

"ಅರಕೆರೇಲಿ ನಮ್ಮವ್ವ ಮಾತಾಡ್ತಿದ್ದಾಗ ಗಾಜು ಏರಿಸಿದ್ರಲ್ಲ, ಅದಕ್ಕೆ."

"ಯಾವ ಗಾಜು? ಯಾರು ನಿಮ್ಮವ್ವ?"

ತೂಬು, ಸರದಿ, ಸಸಿಮಡಿ ಎಲ್ಲ ಹೇಳಿದೆ. ಅವನು ಹಣೆ ಗಂಟಿಕ್ಕಿಕೊಂಡು ನೆನೆಯಲು ನೋಡಿದ. ಅದು ನಾಟಕವಾಗಿರಲಿಲ್ಲ. ನೆನಪಾಗಲಿಲ್ಲ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟ.

"ಬುಡಿ ಮೇಷ್ಟ್ರೇ. ಓದಿದ್ದು ಸರ್ಯಾಗ್ ತಿಳೀನಿಲ್ಲ, ತಪ್ಪಾಗೋಯ್ತು. ಅದ್ಕೆ ಇಂಗೆಲ್ಲ ಕತೆ ಕಟ್ಬೇಕಾ? ಜಪಾನಿ ಭಾಷೆ ನಮ್ಮಲ್ಲಿ ಯಾರ್ಗ್ ಬತ್ತದೆ?"

ಬೆಲ್ಲದ ಅಚ್ಚು ತುಂಬುತ್ತಿದ್ದ ಆಳುಗಳು ಕಿಸಕ್ಕೆಂದರು. ನನ್ನಲ್ಲೇ ಉಳಿದಿದ್ದ ಹಾಳೆಯನ್ನು ಜೇಬಿನಿಂದ ತೆಗೆದು, ತಡೆಯ ವಿಷಯವಿದ್ದ ಸಾಲನ್ನು ತೋರಿಸಿದೆ. ಅದರ ಕೆಳಗೆ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ.

ಅವನು ಗೆರೆಯನ್ನು ನೋಡಿದ. "ಇದ್ನ ಎಳ್ದಿದ್ದು ಯಾವಾಗ? ಗಾಡಿ ಕೆಡಾಕ್ ಮುಂಚೇನೋ, ಕೆಟ್ಟ ಮ್ಯಾಕೋ?"

ಸ್ಟಾಫ್ ರೂಮಿನಲ್ಲಿ ಕೂತು ಗೆರೆ ಎಳೆದದ್ದು ನೆನಪಿದೆ. ಕಾರು ಕೆಟ್ಟ ಸಂಜೆ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಸಾಬರು ಹೇಳಿದ್ದೇನು ಎಂದು ಹುಡುಕುತ್ತ ಎಳೆದದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ಗೆರೆ ಮಾತ್ರ ಒಂದೇ.

"ಮುಂಚೆ. ನಾನೇ ಮಾಡಿದ್ದು. ನಂಬಿ," ಎಂದೆ.

"ಆಯ್ತಾಯ್ತು, ನಂಬ್ದೆ ಬುಡಿ," ಎಂದು ಅವನು ಪಾಕ ನೋಡಲು ಆ ಕಡೆ ಹೋದ.

ನಾನು ಹಾಳೆ ಹಿಡಿದುಕೊಂಡು ಅವನ ಹಿಂದೆಯೇ ಹೋದೆ.