ಪುಕ್ಕಟೆ ಮಾಡಿಕೊಟ್ಟ ಅರ್ಜಿ

ಆ ಮನುಷ್ಯ ನನ್ನಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ನನಗೆ ಅಷ್ಟು ದುಬಾರಿಯಾಗಿದ್ದು ಅದಕ್ಕೇ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಕೆಟ್ಟರೆ ಕೊರಳಪಟ್ಟಿ ಹಿಡಿದು ಕೇಳಬಹುದು. ಪ್ರೀತಿಯಿಂದ ಮಾಡಿಕೊಟ್ಟ ಕೆಲಸ ಕೆಟ್ಟರೆ ಯಾರನ್ನು ಕೇಳುತ್ತೀರಿ? ನನಗೆ ಬಿದ್ದ ಖರ್ಚು ಇಂಗ್ಲೆಂಡಿನ ಒಂದು ನೌಕರಿ, ಅದರ ಹಿಂದೆ ಬರಬೇಕಿದ್ದ ಒಂದು ಬದುಕು...

ಇದೆಲ್ಲ ಮತ್ತೆ ಎದ್ದು ಬಂದದ್ದು ಕುಸರೆಳ್ಳಿನ ವಾಸನೆಯಿಂದ. ಈ ಸಲದ ಸಂಕ್ರಾಂತಿಗೆ ಪುಣೆಯ ಖಡಕಿ ಬಜಾರಿನಲ್ಲಿ ಕೊಳ್ಳಲು ನಿಂತಿದ್ದೆ. ಸಕ್ಕರೆ ಪಾಕ ಕುಡಿದು ಮೈತುಂಬ ಮುಳ್ಳೆದ್ದ ಎಳ್ಳು. ಇಲ್ಲಿಯವರು ಅದಕ್ಕೆ ಹಲ್ವಾ ಎನ್ನುತ್ತಾರೆ. ಅಂಗಡಿಯವನ ಬೆಲೆಯನ್ನು ಎರಡು ಸಲ ಇಳಿಸಿಯಾಗಿತ್ತು. ಇನ್ನೊಮ್ಮೆ ಇಳಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಪೊಟ್ಟಣದಿಂದ ಆ ವಾಸನೆ ಮೂಗಿಗೆ ಬಡಿಯಿತು. ಅವನು ಕೇಳಿದಷ್ಟು ಕೊಟ್ಟು ಬಂದುಬಿಟ್ಟೆ. ಚೌಕಾಸಿಯನ್ನು ನಾನು ಅರ್ಧಕ್ಕೆ ಬಿಟ್ಟದ್ದು ಬಹುಶಃ ಅದೊಂದೇ ಸಲ.

ಪೈಸೆ ಮುಟ್ಟದ ಆ ಮನುಷ್ಯ ನಮ್ಮ ಮೇಲಿನ ಮನೆಯ ಕಾಕಾ. ಧಾರವಾಡದ ಕಡೆಯವರು, ಖಡಕಿಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಮ್ಮ ಜನರಲ್ಲಿ ಯಾರಿಗೆ ಪಾಸ್‌ಪೋರ್ಟ್ ಬೇಕಾದರೂ, ಯಾರ ಪಿಂಚಣಿ ತಡೆದುಕೊಂಡಿದ್ದರೂ, ಅರ್ಜಿ ತುಂಬಲು ಅವರೇ ಆಗಬೇಕು. ಭಾನುವಾರ ಬೆಳಿಗ್ಗೆ ಅವರ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿರುತ್ತಿತ್ತು. ಕಾಕಾ ಬನಿಯನ್ನಿನ ಮೇಲೆ ಶಲ್ಯ ಹೊದ್ದುಕೊಂಡು ಕಂಪ್ಯೂಟರಿನ ಮುಂದೆ ಕೂತು, ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಆ ಚಪ್ಪಲಿಗಳನ್ನು ಅವರು ಹೊರಗೆ ಬಂದು ಎಣಿಸುತ್ತಿದ್ದರೆಂದು ಅವರ ಹೆಂಡತಿ ಕಾಕೂ ನಗುತ್ತಿದ್ದರು. ಅದೊಂದೇ ಅವರ ಸಂಬಳ.

ಕಂಪ್ಯೂಟರಿನ ಪಕ್ಕದ ಮೊಳೆಗೆ ಪಂಚಾಂಗ ನೇತಾಡುತ್ತಿತ್ತು. ಅರ್ಜಿ ತುಂಬುವುದು ಯಾವತ್ತಾದರೂ ಆಗಬಹುದು, ಕಳಿಸುವ ಗುಂಡಿ ಒತ್ತುವುದು ಮಾತ್ರ ಒಳ್ಳೆಯ ಹೊತ್ತಿನಲ್ಲಿ. ರಾಹುಕಾಲ ಬಂದರೆ ಎಲ್ಲರೂ ಚಹಾ ಕುಡಿಯುತ್ತ ಕಾಯಬೇಕು. ನನ್ನ ವಿದ್ಯಾರ್ಥಿ ವೀಸಾಕ್ಕೆ ಅವರು ಒಂದು ಗುರುವಾರ ಗುಂಡಿ ಒತ್ತಿದ್ದರು. ಸಲೀಸಾಗಿ ಬಂತು. ಅಂದಿನಿಂದ ನಮ್ಮ ಅವ್ವನಿಗೆ ಆ ಪಂಚಾಂಗದ ಮೇಲೆ ದೇವರಷ್ಟು ನಂಬಿಕೆ. ಸುಳ್ಳೇಕೆ ಹೇಳಲಿ, ನನಗೂ ಇತ್ತು.

ನಾನು ಇಂಗ್ಲೆಂಡಿಗೆ ಹೋದದ್ದು ಸರಕು ಸಾಗಣೆಯ ಬಗ್ಗೆ ಒಂದು ವರ್ಷ ಓದಲು. ಕಾಕಾ ಅವರ ತಂಗಿಯ ಮಗಳೂ ಅದೇ ಊರಿಗೆ, ಅದೇ ಕೋರ್ಸಿಗೆ ಬಂದಿದ್ದಳು. ಇಬ್ಬರೂ ಒಂದೇ ಗೋದಾಮಿನಲ್ಲಿ ವಾರಕ್ಕೆ ಕೆಲವು ಗಂಟೆ ಪೆಟ್ಟಿಗೆ ಕಟ್ಟುತ್ತಿದ್ದೆವು. ಓದು ಮುಗಿಯುವ ಹೊತ್ತಿಗೆ ಗೋದಾಮಿನ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು, ಮೇಲ್ವಿಚಾರಕಿಯ ಜಾಗ ಒಂದೇ ಇದೆ, ಪೂರ್ಣ ಸಮಯ ದುಡಿಯುವ ಪರವಾನಗಿ ಯಾರ ಕೈಗೆ ಮೊದಲು ಬರುತ್ತದೋ ಅವರಿಗೆ, ಎಂದ. ನಾನು ಅದನ್ನು ಅಂದೇ ಫೋನಿನಲ್ಲಿ ಕಾಕಾಗೆ ಹೇಳಿದೆ. ಮನೆಯವರಿಗೆ ಹೇಳಿದ ಹಾಗೆ ಹೇಳಿದೆ.

ಆ ಪರವಾನಗಿಯ ನಿಯಮ ಸರಳ. ಫಲಿತಾಂಶ ಬಂದ ಮೇಲೆ, ವಿದ್ಯಾರ್ಥಿ ವೀಸಾ ಮುಗಿಯುವುದರೊಳಗೆ, ಓದಿದವರು ಆ ದೇಶದಲ್ಲಿ ಇರುವಾಗಲೇ ಅರ್ಜಿ ಹೋಗಬೇಕು. ನನ್ನ ಫಲಿತಾಂಶ ಡಿಸೆಂಬರಿನಲ್ಲಿ ಬಂತು. ವೀಸಾದ ಕೊನೆಯ ದಿನ ಸಂಕ್ರಾಂತಿ. ಶುಲ್ಕ ದೊಡ್ಡದು, ಅಷ್ಟು ಮೊತ್ತ ಹೊರದೇಶಕ್ಕೆ ಕಟ್ಟುವ ಕಾರ್ಡು ನಮ್ಮ ಮನೆಯಲ್ಲಿ ಇರಲಿಲ್ಲ. ಕೊಂಢವಾ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ ಅಪ್ಪ ಅಷ್ಟೂ ರೊಕ್ಕ ಒಟ್ಟು ಮಾಡಿ ಕಾಕಾ ಕೈಗೆ ಕೊಟ್ಟಿದ್ದರು. ಕಾರ್ಡು ಅವರದು, ನನ್ನ ಅರ್ಜಿಯ ಖಾತೆಯ ಗುಪ್ತಪದವೂ ಅವರ ಹತ್ತಿರ. ಅರ್ಜಿ ಪೂರ್ತಿ ತುಂಬಿ ಕೂತಿತ್ತು. ಒತ್ತುವುದೊಂದೇ ಬಾಕಿ.

"ಈಗ ಧನುರ್ಮಾಸ ನಡದದ ಬಾಳಾ," ಎಂದರು ಕಾಕಾ ಫೋನಿನಲ್ಲಿ. ಮರಾಠಿಯವರು ಮಕ್ಕಳನ್ನು ಕರೆಯುವ ಹಾಗೆ ನನ್ನನ್ನು ಬಾಳಾ ಎಂದೇ ಕರೆಯುತ್ತಿದ್ದರು. "ಇದರಾಗ ಹೊಸಾ ಕೆಲಸಕ್ಕ ಕೈ ಹಚ್ಚಬಾರದು. ಸಂಕ್ರಾಂತಿ ದಿನ ಪುಣ್ಯಕಾಲದಾಗ ಒತ್ತತೀನಿ."

"ಕಾಕಾ, ಅವತ್ತ ನಂದು ಕಡೀ ದಿನಾರಿ."

"ಕಡೀ ದಿನಾ ಅಂದ್ರೂ ಅದೂ ದಿನಾನ ಅಲ್ಲೇನು? ನಿನ್ನ ವೀಸಾ ಮಾಡಿಸಿದಾಂವ ಯಾರು?"

ಫೋನಿನಲ್ಲಿ ಅವರ ಹಿಂದಿನಿಂದ ಅವ್ವ, "ಹಿರ್ಯಾರು ಹೇಳಿದ್ದು ಕೇಳ," ಎಂದಳು. ಕೇಳಿದೆ.

ಸಂಕ್ರಾಂತಿ ಆ ವರ್ಷ ಭಾನುವಾರ ಬಂದಿತ್ತು. ಕಾಕಾ ಸ್ನಾನ, ಪೂಜೆ ಮುಗಿಸಿ ವಿಡಿಯೊ ಕಾಲ್ ಮಾಡಿದರು. ಬಲಗೈಯಲ್ಲಿ ಕುಸರೆಳ್ಳು ಹಿಡಿದು, "ತಗೋ, ಬಾಯಿ ಸಿಹಿ ಮಾಡ್ಕೋ," ಎಂದು ಫೋನಿಗೆ ತೋರಿಸಿದರು. ಎಡಗೈಯಿಂದ ಒತ್ತಿದರು. ಕಾರ್ಡು ನಡೆಯಲಿಲ್ಲ. ಮತ್ತೆ ಒತ್ತಿದರು, ಮತ್ತೆ ಇಲ್ಲ. ಹೊರದೇಶಕ್ಕೆ ಅಷ್ಟು ದೊಡ್ಡ ಮೊತ್ತವೆಂದು ಬ್ಯಾಂಕು ತಡೆಹಿಡಿದಿತ್ತು. ಬಿಡಿಸಬೇಕೆಂದರೆ ಶಾಖೆಗೆ ಹೋಗಬೇಕು, ಭಾನುವಾರ ಶಾಖೆಗೆ ಬೀಗ. ನಾನು ಅಲ್ಲಿ ಗೊತ್ತಿದ್ದ ಒಬ್ಬೊಬ್ಬರನ್ನೂ ಕಾರ್ಡು ಕೇಳುತ್ತ ತಿರುಗಿದೆ. ತಿಂಗಳ ನಡುವೆ ವಿದ್ಯಾರ್ಥಿಗಳ ಬಳಿ ಅಷ್ಟು ಎಲ್ಲಿಂದ ಇರಬೇಕು? ದಿನ ಮುಗಿಯಿತು. ವೀಸಾ ಮುಗಿಯಿತು.

ಗಂಟು ಕಟ್ಟುತ್ತಿದ್ದಾಗ ಕಾಕಾ ಅವರ ತಂಗಿಯ ಮಗಳು ಬಂದಳು. ಪಾಪ, ಸಮಾಧಾನ ಹೇಳಲೆಂದೇ ಬಂದಿದ್ದಳು. "ಮಾಮಾ ನಂದರೆ ಕ್ರಿಸ್‌ಮಸ್‌ಕಿಂತ ಮದಲ ಕಳಿಸಿದ್ರು. ನಿಂದೂ ಆಗs ಕಳಿಸಿರಬೇಕು ಅನ್ಕೊಂಡಿದ್ದೆ," ಎಂದಳು.

ಕ್ರಿಸ್‌ಮಸ್‌ಗಿಂತ ಮೊದಲು. ಅದೇ ಧನುರ್ಮಾಸ, ಅದೇ ಮೊಳೆ, ಅದೇ ಪಂಚಾಂಗ.

ಪುಣೆಗೆ ಬಂದವಳೇ ಮೆಟ್ಟಿಲು ಹತ್ತಿ ಹೋದೆ. ಕಾಕಾ ಅಪ್ಪನ ರೊಕ್ಕವನ್ನು ಲಕೋಟೆಯಲ್ಲಿ ಹಾಕಿ ತಯಾರಾಗಿ ಇಟ್ಟಿದ್ದರು, ಒಂದು ರೂಪಾಯಿ ಆಚೀಚೆ ಇಲ್ಲ. ಆ ವಿಷಯದಲ್ಲಿ ಪಕ್ಕಾ ಮನುಷ್ಯ.

"ಆಕೀದು ಧನುರ್ಮಾಸದಾಗ ಹೆಂಗ ನಡೀತ್ರಿ ಕಾಕಾ?"

ಅವರು ಕನ್ನಡಕ ತೆಗೆದು ಶಲ್ಯದಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. "ಆಕೀಗೆ ಅಪ್ಪ ಇಲ್ಲವ್ವಾ," ಎಂದರು. "ನಿನಗ ಅಪ್ಪ ಇದ್ದಾನ. ನೀ ಹೆಂಗರ ಮಾಡಿ ನಿಲ್ಲತಿ."

"ಹಂಗಾರ ಮದಲs ಹೇಳಬೇಕಿತ್ತಲ್ರಿ. ನಾ ಬ್ಯಾರೆ ಯಾರ ಕಡಿಂದರ ಮಾಡಿಸ್ತಿದ್ದೆ."

"ದೇವರ ಇಚ್ಛಾ ಹಂಗಿತ್ತು."

"ದೇವರು ಪಂಚಾಂಗ ನೋಡಂಗಿಲ್ಲರಿ. ನೋಡಿದವ್ರು ನೀವು."

ಅವರು ನನ್ನನ್ನು ಮುಳುಗಿಸಬೇಕೆಂದು ಬಯಸಿರಲಿಲ್ಲ, ಅದು ನನಗೆ ಗೊತ್ತು. ನಾನು ಎರಡನೆಯವಳಾಗಲಿ ಎಂದಷ್ಟೇ ಬಯಸಿದ್ದರು. ಅದೇ ಕಾರ್ಡಿನಿಂದ ತಿಂಗಳೊಳಗೆ ಎರಡನೆಯ ದೊಡ್ಡ ಮೊತ್ತ, ಉಳಿದದ್ದು ಬ್ಯಾಂಕು ಮಾಡಿತು. ಆದರೆ ನನ್ನ ಲೆಕ್ಕದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ. ನನ್ನ ಹಗ್ಗವನ್ನು ಕಡೆಯ ದಿನದ ತುದಿಯವರೆಗೆ ಬಿಟ್ಟವರು ಅವರು.

ನಾನು ಅಳುತ್ತ ಕೂರುವ ಪೈಕಿ ಅಲ್ಲ. ಗೋದಾಮಿನಲ್ಲಿ ಕಲಿತದ್ದನ್ನೇ ಹಿಡಿದು ಕೊಂಢವಾದಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ತೆಗೆದುಕೊಂಡು, ರಟ್ಟಿನ ಪೆಟ್ಟಿಗೆಗಳ ವ್ಯಾಪಾರ ಶುರು ಮಾಡಿದೆ. ಬಾರಾಮತಿಯ ಡೇರಿಯವರು, ಇಲ್ಲಿಯ ದೀಪಾವಳಿ ಫರಾಳದ ತಿಂಡಿ ಮಾಡುವವರು ಗಿರಾಕಿಗಳಾದರು. ಹೊಟ್ಟೆಗೆ ಅದಾಯಿತು. ಸಿಟ್ಟಿಗೆ ಬೇರೆ ಉಣಿಸು ಬೇಕಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ, ಸರಿಯಾಗಿ ಕಾಕಾ ಅವರ ಮೆಟ್ಟಿಲ ಬುಡದಲ್ಲಿ, ಒಂದು ಮೇಜು ಹಾಕಿದೆ. ಅರ್ಜಿ ತುಂಬಿಕೊಡುತ್ತೇನೆ, ಶುಲ್ಕ ಇಷ್ಟು, ರಸೀದಿ ಕೊಡುತ್ತೇನೆ, ಗುಂಡಿ ಮಾತ್ರ ನೀವೇ ಒತ್ತಬೇಕು, ಕಾಯಿಸುವುದಿಲ್ಲ, ಎಂದು ಸಾರಿದೆ.

ಮೊದಲು ಬಂದವರು ಎದುರುಮನೆಯ ಮಾವಶಿ. "ಮ್ಯಾಲೆ ಪುಕ್ಕಟ ಆಗ್ತಿತ್ತು," ಎಂದು ಮೂಗೆಳೆದರು. "ಪುಕ್ಕಟ ಆದದ್ದು ಹೆಂಗಾತು ಅಂತ ನನ್ನ ನೋಡ್ರಿ ಮಾವಶಿ," ಎಂದೆ. ಕೂತರು. ನಡೆದದ್ದನ್ನು ನಾನು ಯಾರಿಗೂ ಬಣ್ಣ ಹಚ್ಚಿ ಹೇಳಲಿಲ್ಲ. ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಷ್ಟೇ ಸಾಕಾಯಿತು. ವರ್ಷ ತುಂಬುವುದರೊಳಗೆ ಮೇಲಿನ ಬಾಗಿಲಲ್ಲಿ ಚಪ್ಪಲಿ ಇಲ್ಲ, ಎಲ್ಲ ನಮ್ಮ ಬಾಗಿಲಲ್ಲಿ. ಭಾನುವಾರ ಕಾಕಾ ಬಾಗಿಲು ತೆರೆದಿಟ್ಟುಕೊಂಡು, ಶಲ್ಯ ಹೊದ್ದು, ಕಂಪ್ಯೂಟರ್ ಹಚ್ಚಿ ಕೂತಿರುತ್ತಿದ್ದರಂತೆ. ನನಗೆ ಕೇಳಿ ಸಂತೋಷವೇ ಆಯಿತು.

ಕಳೆದ ನವೆಂಬರಿನಲ್ಲಿ ಅವರೇ ಇಳಿದು ಬಂದರು. ಪಿಂಚಣಿದಾರರು ವರ್ಷಕ್ಕೊಮ್ಮೆ, ಬದುಕಿದ್ದೇನೆಂದು ಫೋನಿಗೆ ಮುಖ ತೋರಿಸಿ ಸಾಬೀತು ಮಾಡಬೇಕಲ್ಲ, ಅದು ಅವರಿಂದ ಆಗುತ್ತಿರಲಿಲ್ಲ. ಕಣ್ಣಿನ ಪೊರೆಯಿಂದ ಪರದೆ ಮಸುಕಾಗಿತ್ತು. ಸಾಲಿನಲ್ಲಿ ಕೂರಿಸಿದೆ. ಸರದಿ ಬಂದಾಗ ಶುಲ್ಕ ಹೇಳಿದೆ.

"ನನ್ನ ಕಡಿಂದನೂ ರೊಕ್ಕಾ ತಗೋತೀಯೇನು ಬಾಳಾ?"

"ತಗೋತೀನ್ರಿ ಕಾಕಾ. ನಾಳೆ ಕೆಲಸಾ ಕೆಟ್ಟರ ನನ್ನ ಬೈಲಿಕ್ಕೆ ನಿಮಗ ಹಕ್ಕ ಇರಬೇಕಲ್ಲ."

ಕಾಕಾ ಜೇಬಿಗೆ ಕೈ ಹಾಕಿ ಎಣಿಸಿ ಕೊಟ್ಟರು. ರಸೀದಿ ಬರೆದುಕೊಟ್ಟೆ. ಫೋನು ಅವರ ಮುಖದ ಮುಂದೆ ಹಿಡಿದು, ಕಣ್ಣು ಮಿಟುಕಿಸಿರಿ, ಎಂದೆ. ಮಿಟುಕಿಸಿದರು. ನೀರು ಇಳಿಯಿತು. ಪೊರೆಯದೋ, ಬೇರೆಯದೋ... ಗುಂಡಿ ತೋರಿಸಿದೆ, ಅವರ ಬೆರಳಿನಿಂದಲೇ ಒತ್ತಿಸಿದೆ.

ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ತಂಗಿಯ ಮಗಳಿಗೆ ಆ ಗೋದಾಮಿನಿಂದ ರಜೆ ಸಿಗಲಿಲ್ಲವಂತೆ. ಮಣ್ಣಿಗೆ ನಾನು ಹೋಗಿದ್ದೆ. ಕಾಕೂ ನನ್ನ ಕೈ ಹಿಡಿದುಕೊಂಡು, "ಭಾಳ ಸಲ ನಿನ್ನ ಹೆಸರು ತಗದ್ರವಾ," ಎಂದರು. ಯಾಕೆ ತಗದ್ರು ಎಂದು ಕೇಳಬೇಕೆನ್ನಿಸಿತು. ಜನ ಇದ್ದರು, ಕೇಳಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಕೇಳಬೇಕೆಂದು ನಾನು ಮೂರು ವರ್ಷ ಮೇಜು ಹಾಕಿ ಕೂತವಳು. ಆ ಬಾಕಿ ಇನ್ನು ವಸೂಲಾಗುವುದಿಲ್ಲ. ಭಾನುವಾರ ಮೇಲಿನ ಮನೆ ಸದ್ದಿಲ್ಲದೆ ಇರುತ್ತದೆ. ನಾನು ಸೋಲಿಸಬೇಕಾದವರೇ ಇಲ್ಲದ ಮೇಲೆ ಈ ಕೆಲಸದ ರುಚಿಯೂ ಕಡಿಮೆಯಾಗಿದೆ... ಹಾಗೆಂದು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ.

ಇಷ್ಟು ಹೇಳಿದ್ದು ಯಾಕೆಂದರೆ, ನಿಮ್ಮ ಮನೆಯಲ್ಲೂ ಯಾರಾದರೂ ಹೊರಗೆ ಓದುತ್ತಿರಬಹುದು. ಓದು ಮುಗಿದ ಮೇಲಿನ ಪರವಾನಗಿಯ ಅರ್ಜಿಯನ್ನು ಫಲಿತಾಂಶ ಬಂದ ವಾರವೇ ಕಳಿಸಿ. ಖಾತೆಯ ಗುಪ್ತಪದ ತಂದೆತಾಯಿಗೂ ಕೊಡಬೇಡಿ. ಹಣ ಕಟ್ಟುವ ಕಾರ್ಡನ್ನು ಮೊದಲೇ ಸಣ್ಣ ಮೊತ್ತಕ್ಕೆ ಬಳಸಿ ನೋಡಿ, ಬ್ಯಾಂಕಿಗೆ ಹೇಳಿಡಿ, ಇನ್ನೊಂದು ಕಾರ್ಡು ಜೊತೆಗಿರಲಿ. ಯಾರಿಂದ ಮಾಡಿಸಿದರೂ ದುಡ್ಡು ಕೊಡಿ, ಚೌಕಾಸಿ ಮಾಡಿಯೇ ಕೊಡಿ, ಆದರೆ ಕೊಡಿ. ಇಂಥ ದಿನ ಒಳ್ಳೆಯದು, ಅಲ್ಲಿಯವರೆಗೆ ತಡಿ ಎಂದು ಯಾರಾದರೂ ಅಂದರೆ, ಯಾರಿಗೆ ಒಳ್ಳೆಯದು ಎಂದು ಕೇಳಿ. ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ನೀವೇ ಗುಂಡಿ ಒತ್ತಿಬಿಡಿ.