ಫೋನಿನಲ್ಲಿ ಬಿದ್ದ ಹಿಮ

ಶನಿವಾರ ಬೆಳಿಗ್ಗೆ ಸೆಂಟರ್‌ವಿಲ್‌ನಿಂದ ಹೊರಡುವಾಗಲೇ ನನಗೆ ಸಿಟ್ಟು ಬಂದಿತ್ತು. ವಾಷಿಂಗ್ಟನ್ ಸುತ್ತಮುತ್ತ, ಎಂದರೆ ನಮ್ಮೂರಿನಲ್ಲೂ, ಹಿಮ ಬೀಳಬಹುದು ಎಂದು ಹಿಂದಿನ ಸಂಜೆ ಟಿವಿಯಲ್ಲಿ ಹೇಳಿದ್ದರು. ನಾವು ನೋಡಿದರೆ, ಹಿಮ ನೋಡಲೆಂದು ಮನೆ ಬಿಟ್ಟು ನೂರೈವತ್ತು ಮೈಲಿ ದೂರದ ಬೆಟ್ಟಕ್ಕೆ ಹೊರಟಿದ್ದೆವು.

"ಬೀಳಬಹುದು ಅಂದ್ರು ಅಷ್ಟೆ. ಈ ವಿಂಟರ್ ಪೂರ್ತಿ ಹಂಗೇ ಅಂತಿದಾರೆ, ಒಂದ್ಸಲಾನಾದ್ರೂ ಬಿತ್ತಾ?" ಎಂದರು ನನ್ನ ಗಂಡ ಶ್ರೀಧರ್, ಕಾರು ಸ್ಟಾರ್ಟ್ ಮಾಡುತ್ತ.

ಹೊರಟದ್ದು ಅಣ್ಣನಿಗಾಗಿ. ಅಪ್ಪನನ್ನು ನಾವು ಅಣ್ಣ ಎಂದೇ ಕರೆಯುವುದು. ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಹಿಮರೇಖೆ, ಹಿಮನದಿ, ಹಿಮಪಾತ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ತಂಗಿಯ ಬಾಣಂತನವೆಂದು ಅಮ್ಮ ಊರಿನಲ್ಲೇ ಉಳಿದಿದ್ದಳು. ಒಬ್ಬರೇ ಬಂದ ಅಣ್ಣನ ಬೇಡಿಕೆ ಒಂದೇ ಒಂದು. "ಹಿಮ ಬೀಳೋದನ್ನ ನೋಡ್ಬೇಕು ಕಣೇ. ಬಿದ್ದಿರೋದನ್ನಲ್ಲ, ಬೀಳೋದನ್ನ." ಆ ಚಳಿಗಾಲವೋ, ಹಾಳಾದ್ದು, ಬರೀ ಜಿಟಿಜಿಟಿ ಮಳೆಯಲ್ಲೇ ಕಳೆದುಹೋಯಿತು. ಸೋಮವಾರ ಅವರ ವಿಮಾನ. ಬರುವಾಗ ಕೂತು ಕೂತು ಕಾಲು ಬಾತುಕೊಂಡಿದ್ದರಿಂದ, ಇದೇ ಮೊದಲು ಇದೇ ಕೊನೆ ಎಂದು ಅವರೇ ಹೇಳಿಬಿಟ್ಟಿದ್ದರು.

ಬೆಟ್ಟದ ಸಣ್ಣ ಸ್ಕೀ ರೆಸಾರ್ಟೊಂದು ಹಿಮದ ಸುದ್ದಿಗೆಂದೇ ಒಂದು ಫೋನ್ ನಂಬರ್ ಇಟ್ಟಿತ್ತು. ಒತ್ತಿದರೆ ರೆಕಾರ್ಡ್ ಮಾಡಿದ ಹುಡುಗಿಯ ದನಿ: ಬುಡದಲ್ಲಿ ಮೂವತ್ತು ಇಂಚು ಹಿಮವಿದೆ, ಮೇಲೆ ಪುಡಿಹಿಮ ಹದವಾಗಿ ಕೂತಿದೆ, ವಾರಾಂತ್ಯಕ್ಕೆ ಹೊಸದು ಬೀಳಲಿದೆ, ಬನ್ನಿ ಬನ್ನಿ. ಶ್ರೀಧರ್ ಆಫೀಸಿನಿಂದ ಬಂದವರು ಕೋಟು ಕೂಡ ಬಿಚ್ಚದೆ ಆ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಅಣ್ಣನಿಗೂ ಕೇಳಿಸುತ್ತಿದ್ದರು. ಮಾವ ಅಳಿಯ ಇಬ್ಬರೂ ವಾರ್ತೆ ಕೇಳುವವರ ಹಾಗೆ ಕೈಕಟ್ಟಿ ಕೂರುತ್ತಿದ್ದರು. ಅವಳು ದಿನವೂ ಅದೇ ಮಾತನ್ನು ಅದೇ ಉತ್ಸಾಹದಲ್ಲಿ ಹೇಳುತ್ತಾಳೆಂದು ನಾನು ಹೇಳಿದರೆ ಕೇಳುವವರು ಯಾರು?

ಮೊದಲ ನಿಲುಗಡೆ ಸ್ಟ್ರಾಸ್‌ಬರ್ಗ್. ಅಲ್ಲಿ ಪೆಟ್ರೋಲ್ ತುಂಬಿಸಿ, ಕಾರಿನಲ್ಲೇ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಆಕಾಶ ಬೂದಿ ಬಳಿದಂತಿತ್ತು, ಗಾಳಿ ಮುಖ ಕೊರೆಯುತ್ತಿತ್ತು. ಮಧ್ಯಾಹ್ನದಿಂದ ವಾಷಿಂಗ್ಟನ್ ಸುತ್ತ ಹಿಮ ಖಂಡಿತ ಎಂದು ರೇಡಿಯೊ ಹೇಳಿತು. ಈ ಸಲ 'ಬೀಳಬಹುದು' ಅಲ್ಲ.

"ರೀ, ಗಾಡಿ ತಿರುಗಿಸಿ. ಮನೆಗೆ ಹೋಗೋಣ," ಎಂದೆ.

ಶ್ರೀಧರ್ ಅನುಮಾನದಿಂದ ಅಣ್ಣನ ಕಡೆ ನೋಡಿದರು. ಅಣ್ಣ ಮಂಕಿ ಟೋಪಿಯೊಳಗಿಂದ ನಕ್ಕರು. "ಎತ್ತರಕ್ಕೆ ಹೋದ ಹಾಗೆ ಉಷ್ಣಾಂಶ ಇಳಿಯತ್ತೆ. ಏಳನೇ ಕ್ಲಾಸಿನ ಪಾಠ. ತಗ್ಗಲ್ಲಿರೋ ನಿಮ್ಮನೇಲಿ ಬೀಳೋ ಹಿಮ ಬೆಟ್ಟದ ಮೇಲೆ ಬೀಳದೆ ಇರತ್ತೇನೇ? ಅಲ್ಲಿ ಇನ್ನೂ ಜೋರಾಗಿರತ್ತೆ. ನಡೀರಿ."

ಮೇಷ್ಟರ ಮಕ್ಕಳಿಗೆ ಪಾಠಕ್ಕೆ ಎದುರಾಡುವ ಅಭ್ಯಾಸವಿಲ್ಲ. ಬಾಯಿ ಮುಚ್ಚಿಕೊಂಡು ಪುಳಿಯೋಗರೆ ತಿಂದೆ. ಆ ಬಾಯಿಗೆ ಇವತ್ತಿಗೂ ಬೈದುಕೊಳ್ಳುತ್ತೇನೆ.

ಹ್ಯಾರಿಸನ್‌ಬರ್ಗ್ ದಾಟಿ ಬೆಟ್ಟ ಹತ್ತತೊಡಗಿದಾಗ ಸೋನೆ ಶುರುವಾಗಿ, ಮೇಲೆ ಹೋದಂತೆ ಜೋರಾಯಿತು. ಹಿಮವಲ್ಲ, ಮಳೆ. ರೆಸಾರ್ಟಿನಲ್ಲಿ ಕಾರಿಳಿದರೆ ಸ್ವೆಟರ್ ಸೆಕೆಯೆನ್ನಿಸುವಷ್ಟು ಬೆಚ್ಚಗಿತ್ತು! ಕಂದು ಬಣ್ಣದ ಬೋಳು ಗುಡ್ಡ. ಅದರ ನಡುವೆ ಮೇಲಿಂದ ಕೆಳಕ್ಕೆ ಕೊಳಕು ಪಂಚೆ ಒಣಹಾಕಿದಂತೆ ಒಂದೇ ಒಂದು ಬಿಳಿ ಪಟ್ಟಿ. ಮೆಷಿನ್ನುಗಳು ನೀರು ಚಿಮ್ಮಿಸಿ ಮಾಡಿದ ಹಿಮವಂತೆ ಅದು. ಅದರ ಅಂಚಿನಿಂದ ಕೆಸರು ನೀರು ಕಾರು ನಿಲ್ಲಿಸುವ ಜಾಗಕ್ಕೆ ಹರಿಯುತ್ತಿತ್ತು. ಲಿಫ್ಟಿನಲ್ಲಿ ಮೇಲೆ ಹೋಗಲು ಮಾತ್ರ ತಲೆಗೆ ಮೂವತ್ತು ಡಾಲರ್, ಅದರಲ್ಲಿ ಚೌಕಾಸಿಯಿಲ್ಲ.

ಟಿಕೆಟ್ ಕೊಡುವ ಹುಡುಗಿಯ ಮುಂದೆ ಹೋಗಿ ನಿಂತೆ. ಫೋನಿನಲ್ಲಿ ಹೇಳಿದ ಪುಡಿಹಿಮ ಎಲ್ಲಿ, ಹೊಸ ಹಿಮ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಜಗಳಕ್ಕೇ ಇಳಿದೆ.

"ಆ ಮೆಸೇಜ್ ಹೋದ ವಾರದ್ದು. ಚೇಂಜ್ ಮಾಡುವವರು ರಜೆಯಲ್ಲಿದ್ದಾರೆ," ಎಂದಳು, ಚೂಯಿಂಗ್ ಗಮ್ ಅಗಿಯುತ್ತ. "ಆದರೂ ಗುಡ್ಡದ ಮೇಲೆ ಹಿಮ ಇದೆಯಲ್ಲ?"

ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ಲಿಫ್ಟಿನ ಹತ್ತಿರ ನಿಂತಿದ್ದ ಮುದುಕನೊಬ್ಬ ಸಮಾಧಾನ ಮಾಡಲೆಂದು ಬಂದು ಉರಿಯುವ ಗಾಯಕ್ಕೆ ಉಪ್ಪು ಸವರಿದ. ಚಳಿಗಾಳಿ ಬೆಟ್ಟದ ಆಚೆ, ನಿಮ್ಮ ಊರಿನ ಕಡೆ, ತಗ್ಗಿನಲ್ಲಿ ಸಿಕ್ಕಿಕೊಂಡಿದೆ. ಬಿಸಿಗಾಳಿ ಅದರ ಮೇಲೆ ಹತ್ತಿ ಇಲ್ಲಿಗೆ ಬಂದಿದೆ. ಹಿಮ ಬೇಕಾದವರು ಇವತ್ತು ಕೆಳಗೇ ಇರಬೇಕಿತ್ತು ಎಂದ.

ಅವನ ಮಾತನ್ನು ಅಣ್ಣ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನಗೆ ಮೆಲ್ಲಗೆ ಹೇಳಿದರು. "ಹೌದು ಕಣೇ, ಒಂದೊಂದ್ಸಲ ಉಲ್ಟಾ ಆಗತ್ತೆ. ಅದೂ ಪುಸ್ತಕದಲ್ಲಿತ್ತು. ಪರೀಕ್ಷೆಗೆ ಬರಲ್ಲ ಅಂತ ನಾನೇ ಬಿಟ್ಟುಬಿಡ್ತಿದ್ದೆ."

ಇದಕ್ಕೆ ಯಾರ ಮೇಲೆ ಕೂಗಾಡಲಿ? ಶ್ರೀಧರ್ ಮೇಲೆ ಕೂಗಾಡಿದೆ. ಅವರು ಕೊಡೆ ಹಿಡಿದು ಅಣ್ಣನನ್ನು ಬಿಳಿ ಪಟ್ಟಿಯ ತನಕ ಕರೆದೊಯ್ದರು. ಅಣ್ಣ ಶೂ ತುದಿಯಿಂದ ಅದನ್ನು ಒತ್ತಿ ನೋಡಿ, "ಐಸ್ ಕ್ಯಾಂಡಿ ಫ್ಯಾಕ್ಟರಿ ಮಾಲು," ಎಂದು ವಾಪಸಾದರು.

ಆ ಕ್ಷಣವೇ ಮನೆಗೆ ಹೊರಡೋಣ ಎಂದೆ. ಆಗಲಿಲ್ಲ. ಕೆಳಗಿನ ತಿರುವುಗಳಲ್ಲಿ ಮಳೆನೀರು ನೆಲ ಮುಟ್ಟಿದ ಕೂಡಲೇ ಗಾಜಿನಂತೆ ಹೆಪ್ಪುಗಟ್ಟುತ್ತಿದೆ, ಪೊಲೀಸರು ಯಾರನ್ನೂ ಇಳಿಯಬೇಡಿ ಎನ್ನುತ್ತಿದ್ದಾರೆ ಎಂದ ರೆಸಾರ್ಟಿನ ಪಕ್ಕದ ಮೋಟೆಲಿನವನು. ಅಲ್ಲೇ ಒಂದು ಕೋಣೆ ಹಿಡಿದೆವು. ಸಂಜೆ ಕೋಣೆಯಲ್ಲಿ ಟಿವಿ ಹಾಕಿದರೆ ತೆರೆಯ ತುಂಬ ವಾಷಿಂಗ್ಟನ್. ಕೆಂಪು ಕೋಟಿನ ವರದಿಗಾರ್ತಿಯ ಹಿಂದೆ ದೊಡ್ಡ ದೊಡ್ಡ ಚಕ್ಕೆಗಳು ಒಂದೇ ಸಮ ಇಳಿಯುತ್ತಿದ್ದವು. ಅಣ್ಣ ಹಾಸಿಗೆಯ ತುದಿಗೆ ಸರಿದು, ಕನ್ನಡಕ ಒರೆಸಿಕೊಂಡು ಕೂತರು. ಜಾಹೀರಾತು ಬಂದಾಗಲೂ ಕಣ್ಣು ತೆಗೆಯಲಿಲ್ಲ.

ನಾನು ಫೋನೆತ್ತಿ ಆ ನಂಬರ್ ಒತ್ತಿದೆ. ಮೂವತ್ತು ಇಂಚು, ಪುಡಿಹಿಮ, ಬನ್ನಿ ಬನ್ನಿ. ಕಿಟಕಿಯಾಚೆ ಮಳೆ ಧಾರಾಕಾರ. "ನಿನ್ನ ಬಾಯಿಗೆ ಮಣ್ಣು ಹಾಕ! ನಮ್ಮಪ್ಪನ್ನ ಇಲ್ಲೀವರೆಗೂ ಎಳ್ಕೊಂಡು ಬಂದ್ಯಲ್ಲೇ!" ಎಂದು ಅಚ್ಚಕನ್ನಡದಲ್ಲಿ ಬೈದೆ. ಅವಳು ಥ್ಯಾಂಕ್ಯೂ ಹೇಳಿ ಫೋನಿಟ್ಟಳು.

ಭಾನುವಾರ ರಸ್ತೆ ತೆರೆಯಿತು. ನಾನೇ ಕಾರು ಓಡಿಸಿದೆ, ಎಲ್ಲೂ ನಿಲ್ಲಿಸಲಿಲ್ಲ. ಬೆಟ್ಟವಿಳಿದಂತೆ ಮೋಡ ಹರಿದು ಬಿಸಿಲು ಬಂತು. ಆ ಬಿಸಿಲಿನ ಮೇಲೂ ಸಿಟ್ಟು ಬಂತು. ಸೆಂಟರ್‌ವಿಲ್ ತಲುಪಿದರೆ ಛಾವಣಿ, ಗಿಡ, ಅಂಚೆ ಡಬ್ಬಿ ಎಲ್ಲವೂ ಬಿಳಿ. ಆಕಾಶ ಮಾತ್ರ ತೊಳೆದಿಟ್ಟಂತೆ ನೀಲಿ, ಒಂದು ಚೂರು ಮೋಡವಿಲ್ಲ.

ಪಕ್ಕದ ಮನೆಯ ಜಯಶ್ರೀ ಸಲಿಕೆ ಹಿಡಿದು ದಾರಿ ಬಿಡಿಸುತ್ತಿದ್ದಳು. "ಅಯ್ಯೋ ಅಂಕಲ್, ನಿನ್ನೆ ನೀವಿರ್ಬೇಕಿತ್ತು! ಮಧ್ಯಾಹ್ನ ಸ್ಟಾರ್ಟ್ ಆಗಿದ್ದು ರಾತ್ರಿವರೆಗೂ ಬೀಳ್ತಾನೇ ಇತ್ತು."

ಅಣ್ಣ ಬಗ್ಗಿ ಬೊಗಸೆಯಲ್ಲಿ ಒಂದಿಷ್ಟು ಹಿಮ ತೆಗೆದುಕೊಂಡರು. "ಬೀಳುವಾಗ ಸದ್ದಾಗ್ತಿತ್ತೇನಮ್ಮ?"

"ಸದ್ದಾ?" ಜಯಶ್ರೀ ಯೋಚಿಸಿದಳು. "ಗೊತ್ತಾಗ್ಲಿಲ್ಲ ಅಂಕಲ್. ಟಿವಿ ಜೋರಾಗಿ ಹಾಕಿದ್ವಿ. ಸ್ನೋದು ನ್ಯೂಸ್ ಬರ್ತಿತ್ತಲ್ಲ, ಅದನ್ನೇ ನೋಡ್ತಿದ್ವಿ."

ಅಣ್ಣ ತಲೆಯಾಡಿಸಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಮೂವತ್ತು ವರ್ಷ ಮಕ್ಕಳಿಗೆ ಸದ್ದಾಗಲ್ಲ ಅಂತ ಬರೆಸಿದೀನಿ," ಎಂದು ನನಗೆ ಹೇಳಿ, ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚತೊಡಗಿದರು.